ಬಾಗಿಲು ಭದ್ರವೇ ಎಂದು ಕೇಳುವ ದನಿಗಳು

ನಮ್ಮ ನಗರ್ತಪೇಟೆಯ ಮನೆಯ ನಡುಮನೆಯಲ್ಲಿ ನಿಂತು ಮೊಬೈಲಿನಲ್ಲಿ ವೈ-ಫೈ ಒತ್ತಿದರೆ ಇಪ್ಪತ್ತಾರು ಹೆಸರುಗಳು ಬರುತ್ತವೆ. ಒಂದು ಸಲ ಕೂತು ಎಣಿಸಿದ್ದೇನೆ. ಕೆಳಗಿನ ಬಟ್ಟೆ ಗೋಡೌನಿನದು, ಎದುರಿಗಿರುವ ಚಿನ್ನದ ಪಾಲಿಶ್ ಅಂಗಡಿಯದು, ಹಿಂದಿನ ಓಣಿಯಲ್ಲಿ ರೂಮು ಮಾಡಿಕೊಂಡಿರುವ ಹುಡುಗರದು, ಇನ್ನು ಯಾರು ಯಾರದೋ. ಗೋಡೆಗೆ ಗೋಡೆ ಅಂಟಿಕೊಂಡ ಪೇಟೆ ಇದು. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಾವು ಕೆಮ್ಮುತ್ತೇವೆ. ಅವರ ವೈ-ಫೈಯೂ ಹಾಗೆಯೇ ನಮ್ಮ ಮನೆಯೊಳಗೆ ಬರುತ್ತದೆ, ನಮ್ಮದು ಅವರ ಮನೆಗೆ ಹೋಗುತ್ತದೆ. ಇದರಲ್ಲಿ ಯೋಚಿಸುವಂಥದು ಏನಾದರೂ ಇದೆ ಎಂದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ, ಅದೂ ಅಮೆರಿಕದ ಇಬ್ಬರು ಗಂಡಸರ ಮಾತು ಕೇಳಿ.

ಪಾಡ್‌ಕಾಸ್ಟ್ ಎಂಬುದನ್ನು ನನಗೆ ಹಚ್ಚಿದವನು ಮಗ. "ರೇಡಿಯೋ ಇದ್ದ ಹಾಗೇ ಅಮ್ಮ, ನಿನಗೆ ಬೇಕಾದಾಗ ಹಾಕ್ಕೋಬಹುದು" ಎಂದ. ರೇಡಿಯೋ ಎಂದರೆ ನನಗೆ ಸಲಿಗೆ. ಆಕಾಶವಾಣಿ ಕೇಳುತ್ತಲೇ ತರಕಾರಿ ಹೆಚ್ಚಲು ಕಲಿತ ಪೀಳಿಗೆ ನಮ್ಮದು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಯಂತ್ರ ಇಟ್ಟುಕೊಂಡು ಪ್ರಸಾರ ಶುರು ಮಾಡಿದರಲ್ಲ, ಆ ಆಕಾಶವಾಣಿಯೂ ಮೊದಲಿಗೆ ಮನೆಯ ಬಾನುಲಿಯೇ. ಈಗಿನ ಪಾಡ್‌ಕಾಸ್ಟಿನವರು ತಾವೇ ಹೊಸದು ಕಂಡುಹಿಡಿದಂತೆ ಆಡುವಾಗ ನನಗೆ ಅವರ ನೆನಪಾಗುತ್ತದೆ.

ನಾನು ಬಿಡದೆ ಕೇಳಿದ್ದು 'ಸೆಕ್ಯುರಿಟಿ ನೌ' ಎಂಬ ಕಾರ್ಯಕ್ರಮವನ್ನು. ಕಂಪ್ಯೂಟರಿನ ಭದ್ರತೆ ಅದರ ವಿಷಯ. ಸ್ಟೀವ್ ಗಿಬ್ಸನ್ ಎಂಬುವರು ವಿವರಿಸುತ್ತಾರೆ, ಲಿಯೋ ಲಪೋರ್ಟ್ ಎಂಬುವರು ನಮ್ಮಂಥವರ ಪರವಾಗಿ ನಡುನಡುವೆ ಪ್ರಶ್ನೆ ಹಾಕುತ್ತಾರೆ. 2005ರ ಆಗಸ್ಟಿನಲ್ಲಿ ಶುರುವಾದದ್ದು ವಾರಕ್ಕೊಂದರಂತೆ ನಡೆದು, 2024ರ ನವೆಂಬರಿನಲ್ಲಿ ಸಾವಿರನೆಯ ಕಂತು ಮುಟ್ಟಿತು. ಅವರ ಇಂಗ್ಲಿಷು ಓಡುತ್ತದೆ, ಕಿವಿಗೆ ಸಿಕ್ಕುವುದಿಲ್ಲ. ಆದರೆ ಪ್ರತಿ ಕಂತಿನ ಮಾತನ್ನೂ ಅಕ್ಷರಕ್ಕಿಳಿಸಿ ಯಾರು ಬೇಕಾದರೂ ಓದಲಿ ಎಂದು ಇಟ್ಟಿದ್ದಾರೆ. ಒಂದು ಸಲ ಓದಿ ಆಮೇಲೆ ಕೇಳುವುದು ನನ್ನ ಕ್ರಮವಾಯಿತು.

ಇತ್ತೀಚಿನ ಕಂತುಗಳನ್ನು ಬಿಟ್ಟು ಮೊದಲಿನಿಂದ ಕೇಳಿದ್ದೇ ಒಳ್ಳೆಯದಾಯಿತು. ಆರಂಭದ ಕಂತುಗಳು ನಿಜಕ್ಕೂ ಪಾಠಗಳು. ಮೂರನೆಯದರಲ್ಲೇ ಮನೆಯ ರೌಟರ್ ಹೇಗೆ ಕಾವಲು ಕಾಯುತ್ತದೆ ಎಂಬ ವಿವರಣೆ ಇದೆ. ಅದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮ ಹಳೆಯ ವಠಾರದ ಲೆಕ್ಕದಲ್ಲಿ. ವಠಾರಕ್ಕೆ ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರು. ಒಳಗೆ ಆರೇಳು ಮನೆ. ರೌಟರ್ ಎಂದರೆ ಆ ಬೀದಿ ಬಾಗಿಲಲ್ಲಿ ಕೂತ ಅಜ್ಜ. ಒಳಗಿನಿಂದ ಯಾರು ಯಾರಿಗೆ ಕಾಗದ ಬರೆದರು ಎಂದು ಗುರುತು ಇಟ್ಟುಕೊಂಡಿರುತ್ತಾನೆ. ಆ ಕಾಗದಕ್ಕೆ ಉತ್ತರ ಬಂದರೆ ಸರಿಯಾದ ಮನೆಗೆ ಕಳಿಸುತ್ತಾನೆ. ಯಾರೂ ಕರೆಯದೆ ಬಂದು ಬಾಗಿಲು ಬಡಿದವನಿಗೆ ಮಾತೇ ಆಡುವುದಿಲ್ಲ. ಫೋನು, ಕಂಪ್ಯೂಟರು, ಟಿ.ವಿ. ಎಲ್ಲಕ್ಕೂ ಒಳಗೆ ಬೇರೆ ಬೇರೆ ನಂಬರು, ಹೊರಗಿನ ಪ್ರಪಂಚಕ್ಕೆ ಮಾತ್ರ ಒಂದೇ. ಇಷ್ಟು ತಿಳಿದ ಮೇಲೆ, ದೂಳು ಹಿಡಿದು ಕೂತಿದ್ದ ಆ ಕಪ್ಪು ಡಬ್ಬಿಯನ್ನು ನಾನು ಮೊದಲ ಸಲ ಬಟ್ಟೆ ತಗೊಂಡು ಒರೆಸಿದೆ.

ಗಿಬ್ಸನ್ನರ ದೊಡ್ಡ ಗುಣ ಇದು: "ಹೀಗೆ ಮಾಡಿ" ಎನ್ನುವ ಮೊದಲು "ಹೀಗಿರುವುದರಿಂದ" ಎಂದು ಹೇಳುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವಳಾಗಿ ಇದಕ್ಕೆ ನಾನು ಎಷ್ಟು ಅಂಕ ಕೊಟ್ಟರೂ ಕಡಿಮೆಯೇ. ಆ ಅಜ್ಜನಿಗೇ ಒಂದು ಬೀಗದ ಕೈ ಇದೆ, ಕಾರ್ಖಾನೆಯಿಂದ ಬರುವಾಗ ಸಾವಿರಾರು ಡಬ್ಬಿಗಳಿಗೆ ಒಂದೇ ಕೈ, ಅದನ್ನು ಬದಲಾಯಿಸದಿದ್ದರೆ ಅಜ್ಜನೇ ಕಳ್ಳರ ಪಾಲಾಗುತ್ತಾನೆ ಎಂಬ ಮಾತು ಆಗ ತಾನಾಗಿಯೇ ತಲೆಗೆ ಹತ್ತುತ್ತದೆ. ಇದು ಅಮೆರಿಕದ ಕಥೆಯಲ್ಲ. 2016ರ ಅಕ್ಟೋಬರಿನಲ್ಲಿ 'ಮಿರಾಯ್' ಎಂಬ ಹಾವಳಿ ಕಾರ್ಖಾನೆಯ ಪಾಸ್‌ವರ್ಡಿನಲ್ಲೇ ಬಿಟ್ಟಿದ್ದ ಕ್ಯಾಮೆರಾ, ರೌಟರುಗಳನ್ನು ಹಿಡಿದು ಜಗತ್ತಿನ ದೊಡ್ಡ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ನಿಲ್ಲಿಸಿತ್ತು. ಮರುವರ್ಷವೇ, 2017ರ ಜುಲೈ ಕೊನೆಯಲ್ಲಿ, ನಮ್ಮ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡಿನ ಮೋಡೆಮ್‌ಗಳಿಗೂ ಇಂಥದೇ ಕಾಟ ತಗುಲಿತು. ಹಳೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮನೆಗಳಲ್ಲಿ ಡಬ್ಬಿ ಸತ್ತಿತು. ದಯವಿಟ್ಟು ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಳ್ಳಬೇಕಾಯಿತು. ಎಷ್ಟು ಮನೆಗಳಲ್ಲಿ ಆ ಪಾಸ್‌ವರ್ಡ್ ಎಲ್ಲಿದೆ ಎಂದು ಹೆಂಗಸರಿಗೆ ಗೊತ್ತಿತ್ತು? ಡಬ್ಬಿ ಹಾಕಿಹೋದ ಹುಡುಗನಿಗೆ ಗೊತ್ತು, ಹೆಚ್ಚೆಂದರೆ ಯಜಮಾನರಿಗೆ ಗೊತ್ತು.

ಇಲ್ಲಿಂದಲೇ ನನ್ನ ತಕರಾರು ಶುರು. ಈ ಕಾರ್ಯಕ್ರಮಗಳು ಕಲ್ಪಿಸಿಕೊಂಡಿರುವ ಮನೆ ಒಂದಿದೆ. ಅದರಲ್ಲಿ ಒಬ್ಬ ಯಜಮಾನ, ಅವನಿಗೊಂದು ಕೋಣೆ, ಕೋಣೆಯಲ್ಲಿ ಅವನದೇ ಕಂಪ್ಯೂಟರು, ಶನಿವಾರ ಇಡೀ ಬಿಡುವು. 2016ರಲ್ಲಿ ಗಿಬ್ಸನ್ ಒಂದು ಸಲಹೆ ಕೊಟ್ಟರು. ಹೊಸ ಬಗೆಯ ಉಪಕರಣಗಳನ್ನು ನಂಬುವ ಹಾಗಿಲ್ಲ, ಅವು ಬೇರೆ, ನಮ್ಮ ಕಂಪ್ಯೂಟರು ಬೇರೆ ಇರಲಿ, ಅದಕ್ಕೆ ಮೂರು ಸಾದಾ ರೌಟರುಗಳನ್ನು ಜೋಡಿಸಿ ಎಂದು. ತರ್ಕ ಚೆನ್ನಾಗಿದೆ. ಎಸ್.ಪಿ. ರೋಡು ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ, ಮೂರಲ್ಲ ಮೂವತ್ತು ರೌಟರು ಬೇಕಾದರೂ ಚೌಕಾಸಿ ಮಾಡಿ ತರಬಹುದು. ಇಡುವುದೆಲ್ಲಿ? ಇರುವ ಒಂದನ್ನೇ ದೇವರ ಗೂಡಿನ ಪಕ್ಕ, ಪಂಚಾಂಗದ ಮೇಲೆ ಇಟ್ಟಿದ್ದೇವೆ. ಒಂದೇ ಫೋನನ್ನು ಅತ್ತೆ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ ಮೂವರೂ ಹಂಚಿಕೊಳ್ಳುವ ಮನೆಗಳು ನನ್ನ ತರಗತಿಯಲ್ಲೇ ಎಷ್ಟಿವೆ! ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂಬ ಉಪದೇಶ ಆ ಮನೆಯ ಸೊಸೆಯ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಹೇಳುವವರು ಯೋಚಿಸಿಲ್ಲ. ಅವಳು ಹೇಳುವುದಿಲ್ಲ ಎಂದರೆ ಅಲ್ಲಿಗೆ ಬೇರೆಯದೇ ಅರ್ಥ ಹುಟ್ಟುತ್ತದೆ.

ಇನ್ನೊಂದು, 'ಡಾರ್ಕ್‌ನೆಟ್ ಡೈರೀಸ್'. ಜ್ಯಾಕ್ ರೈಸೈಡರ್ ಎಂಬುವರು 2017ರಿಂದ ನಡೆಸುತ್ತಿರುವುದು. ಇದು ಪತ್ತೇದಾರಿ ಕಾದಂಬರಿಯ ಜಾತಿ. ಕೇಳುತ್ತಾ ಕೂತರೆ ಹಾಲು ಉಕ್ಕಿದ್ದು ಗೊತ್ತಾಗುವುದಿಲ್ಲ. ಆದರೆ ಮುಗಿದ ಮೇಲೆ ಉಳಿಯುವುದು ಕಳ್ಳನ ಜಾಣತನ. ಹಣ ಕಳೆದುಕೊಂಡವರು ಆ ರಾತ್ರಿ ಏನು ಮಾಡಿದರು, ಮನೆಯಲ್ಲಿ ಯಾರಿಗೆ ಹೇಳಿದರು, ಯಾರಿಗೆ ಹೇಳಲಿಲ್ಲ ಎಂಬುದಕ್ಕೆ ಅಲ್ಲಿ ಜಾಗ ಕಡಿಮೆ. ಮೊದಲು ನನಗೂ ಇದು ಕೊರತೆ ಎನ್ನಿಸಿರಲಿಲ್ಲ.

ಎನ್ನಿಸಿದ್ದು ನಮ್ಮ ಅಕ್ಕನಿಂದ. ಅಕ್ಕ ಚಾಮರಾಜಪೇಟೆಯಲ್ಲಿ ಒಬ್ಬಳೇ ಇದ್ದಾಳೆ, ಪಿಂಚಣಿ ಬರುತ್ತದೆ. 2024ರ ಡಿಸೆಂಬರಿನಲ್ಲಿ ಅವಳಿಗೊಂದು ಫೋನು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು. ಆಮೇಲೆ ವಿಡಿಯೋದಲ್ಲಿ ಖಾಕಿ ತೊಟ್ಟವನು. ನೀವೀಗ ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಫೋನು ಇಡಬೇಡಿ, ಯಾರಿಗೂ ಹೇಳಬೇಡಿ ಎಂದ. ಐದು ಗಂಟೆ ಅವಳು ಅಡಿಗೆಮನೆಗೂ ಹೋಗಲಿಲ್ಲವಂತೆ. ಒಂದು ಲಕ್ಷ ಎಂಬತ್ತು ಸಾವಿರ ಹೋಯಿತು.

ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಆಗ ಕೆಲವು ತಿಂಗಳು ಯಾರಿಗೆ ಫೋನು ಮಾಡಿದರೂ ರಿಂಗಾಗುವ ಮುಂಚೆ ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸುತ್ತಿತ್ತು. ದಿನಕ್ಕೆ ಹತ್ತು ಸಲ ಕೇಳಿದವಳು ಅವಳು. ಎಚ್ಚರ, ಎಚ್ಚರ ಎಂದು ಕೂಗುವುದು ಎಷ್ಟು ಹೊತ್ತು ಕಿವಿಯಲ್ಲಿರುತ್ತದೆ? ಅದಕ್ಕಿಂತ 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಹೇಳಿದ್ದು ಮೇಲು. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ, ಯಾವ ತನಿಖಾ ಸಂಸ್ಥೆಯೂ ಫೋನಿನಲ್ಲಿ, ವಿಡಿಯೋದಲ್ಲಿ ವಿಚಾರಣೆ ಮಾಡುವುದಿಲ್ಲ ಎಂದು ಅಲ್ಲಿ ಕಾರಣ ಕೊಟ್ಟಿದ್ದರು. ಆ ಭಾನುವಾರ ಅಕ್ಕ ರೇಡಿಯೋ ಹಾಕಿರಲಿಲ್ಲ.

ನನ್ನನ್ನು ಈಗಲೂ ಕೊರೆಯುವುದು ಹಣವಲ್ಲ. ಅವಳು ಎರಡು ದಿನ ನನಗೆ ಹೇಳಲಿಲ್ಲ. 1930ಕ್ಕೆ ಫೋನು ಮಾಡಿದರೆ, ಹಣ ಯಾವ ಯಾವ ಬ್ಯಾಂಕು ದಾಟುತ್ತಿದೆಯೋ ಅಲ್ಲಿಗೆಲ್ಲ ಸುದ್ದಿ ಮುಟ್ಟಿ, ಇನ್ನೂ ಉಳಿದದ್ದನ್ನು ತಡೆಹಿಡಿಯುತ್ತಾರೆ. ಮೊದಲ ಕೆಲವು ಗಂಟೆಗಳೇ ಮುಖ್ಯ. ಮೂರನೆಯ ದಿನ ನಾವು ಫೋನು ಮಾಡುವ ಹೊತ್ತಿಗೆ ಹೆಚ್ಚು ಭಾಗ ಕೈತಪ್ಪಿತ್ತು. "ಮೊದಲೇ ಯಾಕೆ ಹೇಳಲಿಲ್ಲ ಅಕ್ಕ?" ಎಂದರೆ, "ನಿನಗೆ ಹೇಳೋದಕ್ಕೇ ಹೆದರಿಕೆ ಆಯ್ತು ಕಣೇ. ಹುಟ್ಟಿದ ತಾರೀಕು ಪಾಸ್‌ವರ್ಡ್ ಮಾಡ್ಕೊಂಡಿದ್ದೆ ಅಂತ ಎಲ್ಲರ ಮುಂದೆ ನಕ್ಕಿದ್ದೆಯಲ್ಲ" ಎಂದಳು.

ನಕ್ಕಿದ್ದೆ, ನಿಜ. ಗೌರಿಹಬ್ಬದ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಆ ನಗು ನನ್ನದೇ ಅಲ್ಲ, ಹೆಡ್‌ಫೋನಿನಿಂದ ಬಂದದ್ದು. ಈ ಬಗೆಯ ಕಾರ್ಯಕ್ರಮಗಳಲ್ಲಿ, ಒಳ್ಳೆಯವುಗಳಲ್ಲೂ, ತಿಳಿದವರು ತಿಳಿಯದವರ ಬಗ್ಗೆ ತಮ್ಮತಮ್ಮಲ್ಲೇ ನಗುವ ಒಂದು ನಗು ಇದೆ. ಕೆಟ್ಟ ಮನಸ್ಸಿನದಲ್ಲ. ಗಂಡಸರು ಕಾರು ರಿಪೇರಿ ಮಾತಾಡುವಾಗ ನಗುತ್ತಾರಲ್ಲ, ಅಂಥದು. ಆದರೆ ಕೇಳುಗರಿಗೆ ಅದು ಅಂಟುತ್ತದೆ. ರೌಟರಿನ ಪಾಠ ಕಲಿಯುವಾಗ ಜೊತೆಗೆ ನಾನು ಆ ನಗುವನ್ನೂ ಕಲಿತಿದ್ದೆ. ಅಕ್ಕನಿಗೆ ಆ ಎರಡು ದಿನ ಕಳ್ಳನ ಭಯಕ್ಕಿಂತ ನನ್ನ ಭಯ ಹೆಚ್ಚಾಗಿತ್ತು ಎಂದ ಮೇಲೆ, ಭದ್ರತೆಯ ಪಾಠ ಎಲ್ಲಿ ತಪ್ಪುತ್ತದೆ ಎಂದು ನನಗೆ ಬೇರೆ ಪುಸ್ತಕ ಬೇಕಾಗಲಿಲ್ಲ.

ಕನ್ನಡದಲ್ಲಿ ಇಂಥದೊಂದು ಇರಬಾರದೇ ಎಂದು ಆಗ ಅನ್ನಿಸಿತು. ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಕಂಪ್ಯೂಟರು ಬಲ್ಲವರು ಗಲ್ಲಿಗೆ ಹತ್ತು ಜನ. ಗಂಭೀರ ವಿಷಯವನ್ನು ಮನೆಮಾತಿನಲ್ಲಿ ಆಡಬಹುದು ಎಂಬುದಕ್ಕೆ 2019ರಿಂದ ಬಂದ 'ತಲೆ-ಹರಟೆ' ಪಾಡ್‌ಕಾಸ್ಟ್ ಸಾಕ್ಷಿಯಾಗಿದೆ. ಅದರ ಗೆಳೆಯರು ಜಗಲಿಯ ಮೇಲೆ ಕೂತ ಹಾಗೆ ಬೆಂಗಳೂರು ಕನ್ನಡದಲ್ಲಿ ರಾಜಕೀಯ, ಅರ್ಥಶಾಸ್ತ್ರ ಮಾತಾಡುತ್ತಾರೆ, ಇಂಗ್ಲಿಷ್ ಪದ ಬಂದರೆ ಬಂತು. ಅದೇ ಧಾಟಿಯಲ್ಲಿ, ಆದರೆ ಹೊಸ್ತಿಲ ಒಳಗಿನವರನ್ನು ಎದುರಿಗೆ ಕೂರಿಸಿಕೊಂಡು, ರೌಟರು, ಒಟಿಪಿ, ಪಾಸ್‌ವರ್ಡು ಮಾತಾಡುವವರು ಬೇಕು.

ಬೇರೆಯವರು ಮಾಡಲಿ ಎಂದು ಕಾಯುವುದಕ್ಕಿಂತ ನೋಡೋಣ ಎಂದು ಕಳೆದ ಬೇಸಿಗೆ ರಜೆಯಲ್ಲಿ ನಾನೇ ಹತ್ತು ನಿಮಿಷ ಮಾತಾಡಿ, ನನ್ನ ತರಗತಿಯ ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆಗ ತಿಳಿಯಿತು ಗಿಬ್ಸನ್ನರ ಕಷ್ಟ. 'ಫರ್ಮ್‌ವೇರ್' ಎಂಬುದನ್ನು ಹೇಳಲು ನಾಲ್ಕು ಸಲ ಅಳಿಸಿ ಮಾಡಿದೆ, ಕೊನೆಗೆ ಆ ಭಾಗವನ್ನೇ ಬಿಟ್ಟೆ. ವಠಾರದ ಅಜ್ಜ ಮಾತ್ರ ಎಲ್ಲರಿಗೂ ಹಿಡಿಸಿದ. ಅಕ್ಕನಿಗೆ ಮೊದಲು ಕೇಳಿಸಿದೆ. "ಎಲ್ಲೂ ನಗಲಿಲ್ಲ, ವಾಸಿ" ಎಂದಳು.

ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ ಕಿಲಾರಿ ರಸ್ತೆಯ ಕಡೆಯ ಒಬ್ಬ ತಾಯಿಯದು. "ಟೀಚರ್, ನಾವು ಮೂರು ಮನೆಯವರು ಸೇರಿ ಒಂದೇ ಕನೆಕ್ಷನ್ ತಗೊಂಡಿದ್ದೀವಿ, ದುಡ್ಡು ಹಂಚಿಕೊಂಡು ಕಟ್ತೀವಿ. ಡಬ್ಬಿ ಓನರ್ ಮನೆಯಲ್ಲಿದೆ. ಪಾಸ್‌ವರ್ಡ್ ಬದಲಾಯಿಸಿ ಅಂತ ಅವರಿಗೆ ನಾವು ಹೇಗೆ ಹೇಳೋದು?"

ಸಾವಿರ ಕಂತುಗಳಲ್ಲಿ ನಾನು ಓದಿದಷ್ಟರಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಇನ್ನೂ ಬರೆದಿಲ್ಲ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಓನರಮ್ಮನ ಹತ್ತಿರ ಹೋಗಿ ಬರೋಣ ಎಂದುಕೊಂಡಿದ್ದೇನೆ, ಅಕ್ಕನನ್ನೂ ಕರೆದುಕೊಂಡು.