ಎರಡು ಪದವಿಗಳ ನಡುವೆ ಒಬ್ಬ ಅಭಿಯೋಜಕ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನವು, ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ಹಾರೈಸುವುದರಿಂದ ಮೊದಲಾಗಿ, ಆಮೇಲೆ ಅರಸನ ಆಜ್ಞೆಯನ್ನು ತಿಳಿಸುತ್ತದೆ. ಪ್ರಭುವಿನ ಮಾತನ್ನು ಪ್ರಭುವಲ್ಲದವನು ಆಡಬೇಕಾಗಿ ಬರುವ ಆ ಕಠಿನವಾದ ಧರ್ಮವು ಈ ನೆಲಕ್ಕೆ ಅಷ್ಟು ಪುರಾತನವಾದದ್ದು. ಇಂದು ಚಳ್ಳಕೆರೆಯ ನ್ಯಾಯಾಲಯದಲ್ಲಿ 'ಸರ್ಕಾರಿ ವಕೀಲರು' ಎದ್ದು ನಿಂತರೆ, ಆಪಾದಿತನಿಗೆ ಶಿಕ್ಷೆ ಕೊಡಿಸುವುದೇ ಅವರ ಕೆಲಸವೆಂದು ಹಜಾರದಲ್ಲಿ ಕುಳಿತ ಹಳ್ಳಿಗರು ಭಾವಿಸುತ್ತಾರೆ. ಆದರೆ ಆ ವಕೀಲನು, ಎಂದರೆ ಅಭಿಯೋಜಕನು, ಪೊಲೀಸರ ಪಕ್ಷದವನಲ್ಲ, ಸತ್ಯವನ್ನು ನ್ಯಾಯಪೀಠದ ಮುಂದಿಡುವುದಕ್ಕೆ ನಿಯುಕ್ತನಾದವನು. ಈ ಒರೆಗಲ್ಲಿಗೆ ಹಚ್ಚಿ ನೋಡತಕ್ಕ ವೃತ್ತಿಜೀವನವು ಬಿ. ವಿ. ಆಚಾರ್ಯರದು.

ಉಡುಪಿಯ ಬಳಿಯ ಬೆಳಪುವಿನಲ್ಲಿ 1934ರಲ್ಲಿ ಜನಿಸಿದ ಅವರು, 1989ರಿಂದ 2012ರೊಳಗೆ ಬೇರೆ ಬೇರೆ ಪಕ್ಷಗಳ ಸರ್ಕಾರಗಳಲ್ಲಿ ಐದು ಬಾರಿ ಕರ್ನಾಟಕದ ಅಡ್ವೊಕೇಟ್ ಜನರಲ್ ಆದರು. ರಾಜಕಾರಣಿ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿಯ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2003ರ ನವೆಂಬರಿನಲ್ಲಿ ತಮಿಳುನಾಡಿನಿಂದ ಬೆಂಗಳೂರಿಗೆ ವರ್ಗಾಯಿಸಿದ ತರುವಾಯ, 2005ರಲ್ಲಿ ಅವರು ಅದರ ವಿಶೇಷ ಸರ್ಕಾರಿ ಅಭಿಯೋಜಕರಾದರು. ಅದನ್ನು ಹೊತ್ತಿರುವಾಗಲೇ ಅಡ್ವೊಕೇಟ್ ಜನರಲ್ ಪದವಿಯು ಮತ್ತೊಮ್ಮೆ ಅವರನ್ನು ಅರಸಿಕೊಂಡು ಬಂತು. ಅವರು ಅದನ್ನೂ ಸ್ವೀಕರಿಸಿದರು.

ಇಲ್ಲಿ ನನಗೆ ಅಸಮಾಧಾನವುಂಟು. ಈ ಎರಡು ಪದವಿಗಳ ಧರ್ಮ ಒಂದಲ್ಲ. ಸಂವಿಧಾನದ 165ನೆಯ ಅನುಚ್ಛೇದದ ಮೇರೆಗೆ ರಾಜ್ಯಪಾಲರಿಂದ ನೇಮಕಗೊಂಡು, ಅವರ ಇಚ್ಛೆಯಿರುವವರೆಗೆ ಮಾತ್ರ ಅಧಿಕಾರದಲ್ಲಿರುವ ಅಡ್ವೊಕೇಟ್ ಜನರಲ್, ಸರ್ಕಾರದ ಕಾರ್ಯವನ್ನು ಸಮರ್ಥಿಸಲೇಬೇಕಾದವನು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕೊಟ್ಟು, ದನಕುರಿಗಳ ಮೇವಿನ ದಾರಿಗೆ ಬೇಲಿ ಬಿದ್ದು, ವ್ಯಾಜ್ಯವು ಹಸಿರು ನ್ಯಾಯಮಂಡಳಿಗೆ ಹೋದಾಗ, ಸರ್ಕಾರದ ವಕೀಲನ ಮಾತು ಯಾರ ಕಡೆಗೆ ವಾಲುವುದೆಂಬುದನ್ನು ಕುರಿಗಾಹಿಗಳಿಗೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ಅದು ತಪ್ಪಲ್ಲ, ಆ ಪದವಿಯ ಸ್ವಭಾವವೇ ಅದು. ಆದರೆ ಅಭಿಯೋಜಕನು ಸರ್ಕಾರದಿಂದ ಒಂದಂಗುಲವಾದರೂ ದೂರ ನಿಲ್ಲದಿದ್ದರೆ, ಎದುರಾಳಿಯು ಬಲಿಷ್ಠ ರಾಜಕಾರಣಿಯಾಗಿರುವಾಗ, ಅವನ ಮಾತಿಗೆ ತೂಕವಿರದು. ಈ ಭೇದವನ್ನು ಅರಿಯದವರಲ್ಲ ಆಚಾರ್ಯರು. ಆದಕಾರಣವೇ ಎರಡನ್ನೂ ಒಟ್ಟಿಗೆ ಹೊತ್ತದ್ದು ಅವರ ವಿವೇಕಕ್ಕೆ ಒಪ್ಪದ ನಡೆಯೆಂದು ಹೇಳಬೇಕಾಗಿದೆ.

ಪ್ರಶ್ನೆ ಎದ್ದು, ಒಂದನ್ನು ಆಯ್ದುಕೊಳ್ಳಬೇಕಾಗಿ ಬಂದಾಗ, 2012ರ ಫೆಬ್ರುವರಿಯಲ್ಲಿ ಅವರು ಬಿಟ್ಟದ್ದು ಹಿರಿದನ್ನು, ಇಟ್ಟುಕೊಂಡದ್ದು ಕಿರಿದನ್ನು. ರಾಜ್ಯದ ಅತ್ಯುನ್ನತ ಕಾನೂನಧಿಕಾರಿಯ ಪೀಠದಿಂದಿಳಿದು ವಿಚಾರಣಾ ನ್ಯಾಯಾಲಯದ ದಾಖಲೆಗಳ ಮುಂದೆ ಕುಳಿತುಕೊಳ್ಳುವುದನ್ನು ಲಾಭವೆಂದೆಣಿಸುವವರು ನಮ್ಮಲ್ಲಿ ವಿರಳ. ಅವರ ವೃತ್ತಿಯಲ್ಲಿ ಇದಕ್ಕಿಂತ ಎತ್ತರದ ಘಳಿಗೆಯನ್ನು ನಾನು ಕಾಣೆ. ಅದೇ ವರ್ಷದ ಆಗಸ್ಟಿನಲ್ಲಿ ಕಿರಿದನ್ನೂ ಅವರು ತ್ಯಜಿಸಿದ್ದು ಖೇದಕರ. ತಾವು ಅನುಭವಿಸಿದ ಒತ್ತಡವನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರಾದರೂ, ಅಷ್ಟು ದೂರ ಒಯ್ದ ಹೊರೆಯನ್ನು ದಡದ ಸಮೀಪದಲ್ಲಿ ಇಳಿಸಿದ ಸಂಕಟ ಓದುಗನಿಗೆ ಉಳಿದೇ ಉಳಿಯುತ್ತದೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯವು ಜಯಲಲಿತಾ ಅವರಿಗೆ ನಾಲ್ಕು ವರ್ಷಗಳ ಸೆರೆಯನ್ನೂ 100 ಕೋಟಿ ದಂಡವನ್ನೂ ವಿಧಿಸಿತು. ಅದರ ವಿರುದ್ಧದ ಮೇಲ್ಮನವಿಯಲ್ಲಿ ವಾದಿಸಿದ್ದ ಅಭಿಯೋಜಕರ ನೇಮಕವೇ ಅಸಿಂಧುವೆಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ತೀರ್ಮಾನಿಸಲು, ಕರ್ನಾಟಕದ ಪರವಾದ ಲಿಖಿತ ವಾದವನ್ನು ಒಂದೇ ದಿನದಲ್ಲಿ ಸಲ್ಲಿಸುವ ಭಾರ ಮರಳಿ ಆಚಾರ್ಯರ ಮೇಲೆ ಬಿತ್ತು. ಮೇ 11ರಂದು ಹೈಕೋರ್ಟು ಆಪಾದಿತರನ್ನು ಬಿಡುಗಡೆ ಮಾಡಿತು. ಆ ತೀರ್ಪಿನಲ್ಲಿ ಆದಾಯಕ್ಕೆ ಸೇರಿಸಿದ ಸಾಲಗಳ ಮೊತ್ತವು 24.17 ಕೋಟಿಯೆಂದಿತ್ತು, ಅಲ್ಲಿಯೇ ಬರೆದಿದ್ದ ಅಂಕಿಗಳನ್ನು ಕೂಡಿದರೆ ಬರುವುದು 10.67 ಕೋಟಿ. ಆ 13.50 ಕೋಟಿಯ ವ್ಯತ್ಯಾಸವನ್ನು ಆಚಾರ್ಯರು ಎತ್ತಿ ತೋರಿಸಿದರು. ಆದಾಯಕ್ಕೆ ಮೀರಿದ ಆಸ್ತಿಯ ಪ್ರಮಾಣ ಶೇಕಡಾ 8.12 ಎಂಬ ಲೆಕ್ಕವೂ, ಅದರ ಮೇಲೆ ನಿಂತ ಬಿಡುಗಡೆಯೂ ಅಲುಗಾಡಿದವು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ವಿಚಾರಣಾ ನ್ಯಾಯಾಲಯದ ತೀರ್ಪನ್ನು ಪುನಃ ಸ್ಥಾಪಿಸಿತು. ಅಷ್ಟರಲ್ಲಿ ಜಯಲಲಿತಾ ಅವರು ದಿವಂಗತರಾಗಿದ್ದರು. ಐದು ಬಾರಿ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದ ಹಿರಿಯರೊಬ್ಬರು, ಚಳ್ಳಕೆರೆಯ ಎಣ್ಣೆ ಗಿರಣಿಯ ಗುಮಾಸ್ತನು ಸಂಜೆ ದೀಪ ಹಚ್ಚಿದ ಮೇಲೆ ಮಾಡುವಂತೆ, ಸಾಲದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಕೂಡುತ್ತ ಕುಳಿತಿದ್ದರು.