ಹತ್ತನೇ ಇಯತ್ತೆಗೆ ನಿಂತ ಅಳತೆಗೋಲು

ಹದಿಮೂರರ ಹುಡುಗಿ ಶಾಲೆ ಬಿಡಬೇಕೆಂದು ಬಾಗಲಕೋಟೆ ಜಿಲ್ಲೆಯ ಚಿಮ್ಮಡದಂಥ ಊರಿನಲ್ಲಿ ಯಾರೂ ಒಂದು ದಿನ ಕೂತು ತೀರ್ಮಾನಿಸುವುದಿಲ್ಲ. ಕಬ್ಬಿನ ಹಂಗಾಮು ಶುರುವಾಗಿ ತಾಯಿ ನಸುಕಿನಲ್ಲೇ ಹೊಲಕ್ಕೆ ಹೊರಟರೆ, ತಮ್ಮನನ್ನು ನೋಡಿಕೊಳ್ಳಲು ಅಕ್ಕ ಎರಡು ದಿನ ಮನೆಯಲ್ಲಿ ಉಳಿಯುತ್ತಾಳೆ. ನೇಕಾರರ ಮನೆಯಾದರೆ ಕಂಡಿಕೆ ಸುತ್ತಲು ಇನ್ನೊಂದು ಕೈ ಬೇಕಾಗುತ್ತದೆ. ಅವಳು ದೊಡ್ಡಾಕಿ ಆದ ಮೇಲೆ ಬಸ್ ನಿಲ್ದಾಣದಲ್ಲಿ ಯಾರೋ ಚುಡಾಯಿಸಿದ ಸುದ್ದಿ ಮನೆ ಮುಟ್ಟುತ್ತದೆ. ಮಂದಿ ಏನಂದಾರು ಎಂಬ ಮಾತು ಬರುತ್ತದೆ. ಅಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿರುತ್ತದೆ, ಬೆಂಚಿನ ಮೇಲೆ ಹುಡುಗಿ ಇರುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯ ಯಾವ ಮಾಸ್ತರರನ್ನು ಕೇಳಿದರೂ ಈ ಕಥೆ ಗೊತ್ತು.

ಹೀಗೆ ಜಾರಿಹೋಗುವ ಮಕ್ಕಳಿಗಾಗಿ ಊರಿನೊಂದಿಗೆ ಕೂತು ಕಾರ್ಯಕ್ರಮ ಹೆಣೆಯುವುದನ್ನೇ ಕಸುಬು ಮಾಡಿಕೊಂಡ ಒಂದು ವರ್ಗ ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ದಶಕಗಳಿಂದ ಕೆಲಸ ಮಾಡುತ್ತಿದೆ. ಅವರು ಇಲ್ಲಿಗೆ ಶಿಕ್ಷಣದ ದಾರಿಯಿಂದ ಬಂದವರಲ್ಲ, ಎಚ್‌ಐವಿಯ ದಾರಿಯಿಂದ ಬಂದವರು. ಭಾರತ–ಕೆನಡಾ ಸಹಯೋಗದ ಎಚ್‌ಐವಿ ಯೋಜನೆ 2001ರ ಹೊತ್ತಿಗೆ ಈ ಜಿಲ್ಲೆಯನ್ನು ತನ್ನ ಪ್ರಯೋಗಭೂಮಿ ಮಾಡಿಕೊಂಡಿತು. 2003ರ ಸಮೀಕ್ಷೆಯಲ್ಲಿ ಜಿಲ್ಲೆಯ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ. 2.9 ಎಂದು ಕಂಡುಬಂತು. ಪೇಟೆಗಿಂತ ಹಳ್ಳಿಗಳಲ್ಲೇ ಹೆಚ್ಚು. ಸೋಂಕಿನ ಮಾತಿಗೆ ಇಲ್ಲಿ ದೇವದಾಸಿ ಪದ್ಧತಿಯೂ ತಳುಕು ಹಾಕಿಕೊಂಡಿತ್ತು. ಅದನ್ನು ನಿಷೇಧಿಸುವ ಕಾಯ್ದೆ 1982ರದ್ದು. ಆದರೂ ರಾಜ್ಯದಲ್ಲಿ 2007–08ರ ಸಮೀಕ್ಷೆಯ ಹೊತ್ತಿಗೆ ಒಟ್ಟು 46,660 ದೇವದಾಸಿ ಮಹಿಳೆಯರು ಲೆಕ್ಕಕ್ಕೆ ಸಿಕ್ಕಿದ್ದರು. ಇದೇ ನೆಲದಲ್ಲಿ ಮುಧೋಳದ ಲೈಂಗಿಕ ಕಾರ್ಯಕರ್ತೆಯರು ‘ಚೈತನ್ಯ’ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಕೆನಡಾ ಯೋಜನೆಯ ಅನುಭವದಿಂದ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಕೆಎಚ್‌ಪಿಟಿ ಎಂದರೆ ಉತ್ತರ ಕರ್ನಾಟಕದ ಆಶಾ ಕಾರ್ಯಕರ್ತೆಯರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆ ಟ್ರಸ್ಟ್ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಲಂಡನ್ ಸ್ಕೂಲ್ ಆಫ್ ಹೈಜೀನ್‌ನ ಸಂಶೋಧಕರ ಜೊತೆ ಸೇರಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ ನಡೆಸಿದ ‘ಸಮತಾ’ ಯೋಜನೆ ಈ ಕಸುಬಿನ ಶಕ್ತಿ ಮತ್ತು ದೌರ್ಬಲ್ಯ ಎರಡನ್ನೂ ತೋರಿಸುತ್ತದೆ. ಗುರಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು. ಹದಿಮೂರು–ಹದಿನಾಲ್ಕರಲ್ಲಿ ಹಿಡಿದು ಹತ್ತನೇ ಇಯತ್ತೆ ಮುಗಿಸುವವರೆಗೆ ಕೈಬಿಡಬಾರದು ಎಂಬ ಸಂಕಲ್ಪ. ಎಂಬತ್ತು ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ನಲವತ್ತರಲ್ಲಿ ಕಾರ್ಯಕ್ರಮ, ನಲವತ್ತರಲ್ಲಿ ಇಲ್ಲ ಎಂದು ವಿಂಗಡಿಸಲಾಯಿತು. ಶುರುವಿನಲ್ಲಿ 2,275 ಹುಡುಗಿಯರು. ಕೊನೆಯಲ್ಲಿ 1,788 ಮಂದಿಯನ್ನು ಮತ್ತೆ ಹುಡುಕಿ ಮಾತಾಡಿಸಿದರು. ಇಂಥ ಸೀಮೆಯಲ್ಲಿ ಇಷ್ಟು ಮಂದಿಯನ್ನು ಮತ್ತೆ ಪತ್ತೆ ಹಚ್ಚುವುದು ಸಣ್ಣ ಕೆಲಸವಲ್ಲ. ಇದರ ಶ್ರೇಯಸ್ಸು ಬಹುಪಾಲು ಕ್ಷೇತ್ರ ಕಾರ್ಯಕರ್ತೆಯರದ್ದು, ಪ್ರಬಂಧಗಳ ಮುಖಪುಟದಲ್ಲಿ ಅವರ ಹೆಸರು ಇರುವುದಿಲ್ಲ.

ಯೋಜನೆಯ ವಿನ್ಯಾಸ ಕಾಗದದ ಮೇಲೆ ಸುಂದರವಾಗಿತ್ತು. ಹುಡುಗಿಯರ ಗುಂಪು, ಟ್ಯೂಷನ್, ಮನೆಭೇಟಿ, ಶಾಲೆಗೆ ಬಾರದವರ ಪತ್ತೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ ತರಬೇತಿ, ಸರ್ಕಾರದ ವಿದ್ಯಾರ್ಥಿವೇತನ ಕೊಡಿಸುವುದು. ಕೆಲವು ಊರುಗಳಲ್ಲಿ ಗಂಡುಹುಡುಗರನ್ನು ಕಬಡ್ಡಿ ಅಂಕಣದಲ್ಲಿ ಸೇರಿಸಿ ಹೆಣ್ಣಿನ ಬಗ್ಗೆ ಮಾತಾಡಿಸುವ ‘ಪರಿವರ್ತನ’ ಕೂಡ ಇತ್ತು. ಕ್ರಿಕೆಟ್ ತರಬೇತುದಾರರ ಮೂಲಕ ಮುಂಬೈಯಲ್ಲಿ ನಡೆದಿದ್ದ ಪ್ರಯತ್ನವನ್ನು ಇಲ್ಲಿನ ಮಣ್ಣಿಗೆ ಕಬಡ್ಡಿಯಾಗಿ ಹೊಂದಿಸಿದ್ದು ಜಾಣತನ. ಇಡೀ ಯೋಜನೆಯಲ್ಲಿ ಊರಿನ ಮೈಗೆ ಅತ್ಯಂತ ಸಹಜವಾಗಿ ಕೂತದ್ದು ಅದೊಂದೇ ಎನ್ನಬೇಕು.

ಫಲಿತಾಂಶ? ಎರಡೂ ಜಿಲ್ಲೆ ಸೇರಿಸಿ ನೋಡಿದರೆ ಏನೂ ಇಲ್ಲ.

ಕಾರ್ಯಕ್ರಮ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಶಾಲೆ ಮುಗಿಸುವುದರಲ್ಲಾಗಲಿ, ಮದುವೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸುಮಾರು ಕಾಲು ಭಾಗದಷ್ಟು ಹುಡುಗಿಯರು ಹೈಸ್ಕೂಲು ಮುಗಿಸಲಿಲ್ಲ, ಸುಮಾರು ಹತ್ತರಲ್ಲಿ ಒಬ್ಬಳಿಗೆ ಆಗಲೇ ಮದುವೆಯಾಗಿತ್ತು. ಇದನ್ನು ಮುಚ್ಚಿಡದೆ 2019ರಲ್ಲಿ ಪ್ರಕಟಿಸಿದ್ದು ಈ ತಂಡದ ದೊಡ್ಡ ಗುಣ. ನಮ್ಮಲ್ಲಿ ಯುವಜನರ ಹೆಸರಿನ ಕಾರ್ಯಕ್ರಮಗಳೆಲ್ಲ ಸಮಾರೋಪದ ದಿನ ಯಶಸ್ವಿಯಾಗುತ್ತವೆ. ಹಾರ, ಶಾಲು, ನೆನಪಿನ ಕಾಣಿಕೆ ಮುಗಿದ ಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ. ಸಮತಾ ತನ್ನ ಲೆಕ್ಕವನ್ನು ತಾನೇ ಬಯಲಿಗಿಟ್ಟಿತು.

ಸೋಲಿಗೆ ಸಂಶೋಧಕರು ಕೊಟ್ಟ ಕಾರಣ ಸೋಲಿಗಿಂತ ಕುತೂಹಲದ್ದು. ಅವರು ಅಂದಾಜಿಸಿದಷ್ಟು ಹುಡುಗಿಯರು ಶಾಲೆ ಬಿಡಲೇ ಇಲ್ಲ, ಅಂದಾಜಿಸಿದಷ್ಟು ಬಾಲ್ಯವಿವಾಹವೂ ಆಗಲಿಲ್ಲ. ಕಾರ್ಯಕ್ರಮವಿಲ್ಲದ ಊರುಗಳೂ ಬದಲಾಗುತ್ತಿದ್ದವು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. 2009ರ ನಂತರ ಮಾಧ್ಯಮಿಕ ಶಿಕ್ಷಣ ಅಭಿಯಾನದ ಹಣ ಹಳ್ಳಿ ಹೈಸ್ಕೂಲುಗಳಿಗೆ ಬಂತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಮೇಲೆ ಅಧಿಕಾರಿಗಳು ಸಾಮೂಹಿಕ ವಿವಾಹಗಳ ಮೇಲೂ ಕಣ್ಣಿಡತೊಡಗಿದರು. ಯಾವುದರ ಪಾಲೆಷ್ಟು ಎಂದು ತೂಗುವುದು ಕಷ್ಟ. ಆದರೆ ಯೋಜಕರು ಹಳ್ಳಿಯನ್ನು ನಿಂತ ನೀರೆಂದು ಭಾವಿಸಿ ಲೆಕ್ಕ ಹಾಕಿದ್ದು ಸ್ಪಷ್ಟ. ತಜ್ಞರ ಕಣ್ಣಿಗೆ ‘ಅಪಾಯದಲ್ಲಿರುವ ಸಮುದಾಯ’ ಯಾವಾಗಲೂ ತಮ್ಮ ಬರವಿಗಾಗಿ ಕಾಯುತ್ತ ಕೂತಿರುತ್ತದೆ.

ಇನ್ನೊಂದು ತಕರಾರು ಹೆಚ್ಚು ಗಂಭೀರ. ಸಮತಾದ ಮೂಲ ದಾಖಲೆಯಲ್ಲಿ ಶಾಲೆ ಮತ್ತು ಮದುವೆಯ ಜೊತೆಗೆ ಲೈಂಗಿಕ ವೃತ್ತಿಗೆ ಇಳಿಯುವುದನ್ನು ತಡೆಯುವುದು, ಆ ಮೂಲಕ ಎಚ್‌ಐವಿ ತಡೆಯುವುದು ಎಂಬ ಉದ್ದೇಶವಿದೆ. ದಲಿತ ಹುಡುಗಿಯೊಬ್ಬಳು ಓದಿಗಾಗಿಯೇ ಓದಬೇಕು ಎಂಬುದು ಸಾಕಾಗಲಿಲ್ಲ. ಅವಳ ದೇಹದಿಂದ ಮುಂದೆ ಬರಬಹುದಾದ ಸೋಂಕಿನ ಲೆಕ್ಕ ಹಣ ತರಬೇಕಾಯಿತು. ಇದೇ ತಂಡದ ಸಂಶೋಧಕರು 2018ರ ಪ್ರಬಂಧದಲ್ಲಿ ತಾಯಿತಂದೆಯರ ಭಯವನ್ನು ಚೆನ್ನಾಗಿ ಹಿಡಿದಿದ್ದಾರೆ: ಬಡತನದಷ್ಟೇ ‘ಶೀಲ’ದ ಚಿಂತೆಯೂ ಹುಡುಗಿಯನ್ನು ಮನೆಯೊಳಗೆ ತಳ್ಳುತ್ತದೆ. ಹಾಗಿರುವಾಗ ಆಯ್ದ ಜಾತಿಯ ಹುಡುಗಿಯರನ್ನೇ ಗುರುತಿಸಿ ‘ಅಪಾಯ’ದ ಪಟ್ಟಿಗೆ ಸೇರಿಸುವ ಕಾರ್ಯಕ್ರಮ, ಆ ಚಿಂತೆಯನ್ನು ಬೇರೊಂದು ಬಾಗಿಲಿನಿಂದ ಒಳಗೆ ಕರೆದಂತೆ ಆಗಲಿಲ್ಲವೇ?

ಹೋಲಿಕೆಗೆ ಕರಾವಳಿಯತ್ತ ನೋಡಬಹುದು. ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ದುಡಿಯುವ ಮಕ್ಕಳ ‘ಭೀಮ ಸಂಘ’ವನ್ನು 1990ರಲ್ಲಿ ಕಟ್ಟಲು ನೆರವಾಯಿತು. 1995ರಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಅಲ್ಲಿ ಸಂಸ್ಥೆಯ ಕಾರ್ಯಕರ್ತರು ಕಾರ್ಯಕ್ರಮ ತಂದು ಕೊಡಲಿಲ್ಲ, ಮಕ್ಕಳು ಊರಿನ ಕೊರತೆಗಳನ್ನು ಬರೆದರು, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂಬಂಥ ಬೇಡಿಕೆಗಳು ಪಂಚಾಯಿತಿಗೆ ಹೋದವು. ಇಂದು ರಾಜ್ಯದೆಲ್ಲೆಡೆ ನಡೆಯುವ ಮಕ್ಕಳ ಗ್ರಾಮಸಭೆಯ ಹಿಂದೆ ಇಂಥ ಪ್ರಯೋಗಗಳ ನೆರಳಿದೆ. ಆ ಮಾದರಿಗೂ ಮಿತಿಯಿದೆ: ಎಂಬತ್ತು ಹಳ್ಳಿಯ ಹೋಲಿಕೆ, ಕೊನೆಯ ಹುಡುಗಿಯವರೆಗಿನ ಎಣಿಕೆ ಅದರ ಸ್ವಭಾವದಲ್ಲಿಲ್ಲ. ಮಕ್ಕಳ ಗ್ರಾಮಸಭೆಗಳು ಅನೇಕ ಕಡೆ ಬಿಸ್ಕತ್ತು ಹಂಚಿ, ಫೋಟೊ ತೆಗೆದು ಮುಗಿಯುತ್ತವೆ ಎಂಬುದೂ ನಿಜ. ಆದರೆ ದಾರಿ, ಬಸ್ಸು, ಶೌಚಾಲಯ ಎಂಬ ಉತ್ತರಗಳು ಮಕ್ಕಳ ಬಾಯಿಂದ ತಾವಾಗಿ ಬರುತ್ತವೆ. ತಜ್ಞರ ಸಭೆಯಲ್ಲಿ ಮನೋಭಾವ, ಸ್ವಾಭಿಮಾನ, ಸಬಲೀಕರಣ ಮೊದಲು ಬರುತ್ತವೆ.

ಸಮತಾದ ಅಂಕಿಗಳೊಳಗೆ ಒಂದು ಎಳೆ ಉಳಿದಿದೆ. ಒಟ್ಟಾರೆ ಪರಿಣಾಮ ಶೂನ್ಯವಾದರೂ ವಿಜಯಪುರ ಜಿಲ್ಲೆಯನ್ನು ಪ್ರತ್ಯೇಕವಾಗಿ ನೋಡಿದಾಗ ಹೈಸ್ಕೂಲು ಸೇರುವುದು, ಮುಗಿಸುವುದು ಎರಡೂ ಹೆಚ್ಚಿದ್ದವು. ಅಂಕಿಯ ಅನಿಶ್ಚಿತತೆ ದೊಡ್ಡದು, ಕೊಂಚ ಅತ್ತಿತ್ತಾದರೆ ಈ ಲಾಭವೂ ಕರಗಬಹುದು. ಆದರೂ ಬಾಗಲಕೋಟೆಯಲ್ಲಿ ನಿಲ್ಲದ್ದು ಅಲ್ಲಿ ಯಾಕೆ ನಿಂತಿತು ಎಂದು ಕೇಳಲೇಬೇಕು. ಜಮಖಂಡಿ–ಮುಧೋಳದ ನೀರಾವರಿ ಪಟ್ಟಿ, ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಗಳು, ಬನಹಟ್ಟಿಯ ವಿದ್ಯುತ್ ಮಗ್ಗಗಳು ಮಕ್ಕಳ ಕೈಗೆ ಬೇಗ ಕೂಲಿ ಕೊಡುತ್ತವೆ. ಒಂದೇ ಅಚ್ಚಿನ ಕಾರ್ಯಕ್ರಮವನ್ನು ಎರಡು ಬೇರೆ ಆರ್ಥಿಕತೆಗಳ ಮೇಲೆ ಒತ್ತಿದಾಗ ಸರಾಸರಿಯಲ್ಲಿ ಎರಡೂ ಮಾಯವಾಗುತ್ತವೆ.

ಅಳತೆಗೋಲು ನಿಂತ ಜಾಗ ಇನ್ನೊಂದು ಕೊರತೆ. ಹುಡುಗಿಯರಿಗೆ ಹದಿನೈದು–ಹದಿನಾರು ಆದಾಗ ಎಣಿಕೆ ಮುಗಿಯಿತು. ಈ ಸೀಮೆಯಲ್ಲಿ ವರ ಹುಡುಕುವ ಕೆಲಸಕ್ಕೆ ಚುರುಕು ಬರುವುದೇ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–20ರಲ್ಲಿ, ಕರ್ನಾಟಕದ 20–24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟರ ಒಳಗೆ ಮದುವೆಯಾಗಿತ್ತು; ನಾಲ್ಕನೇ ಸುತ್ತಿನಲ್ಲಿ ಅದು 21.4 ಇತ್ತು. ನಡುವೆ, 2016ರ ತಿದ್ದುಪಡಿಯಂತೆ, ರಾಜ್ಯದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅನೂರ್ಜಿತವೆಂಬ ಕಾನೂನೂ ಬಂದಿತ್ತು. ಹತ್ತನೇ ಇಯತ್ತೆ ಮುಗಿಸಿದವಳು ಪಿಯು ಕಾಲೇಜಿಗೆ ಬೇರೆ ಊರಿನ ಬಸ್ ಹತ್ತುವ ಎರಡು ವರ್ಷಗಳಿಗೆ ಸಮತಾದಲ್ಲಿ ಟ್ಯೂಷನ್ ಇರಲಿಲ್ಲ, ಮನೆಭೇಟಿ ಇರಲಿಲ್ಲ, ಎಣಿಕೆಯೂ ಇರಲಿಲ್ಲ. ಮುಂದಿನ ಯೋಜನೆ ಬರೆಯುವವರು ಬಾಗಲಕೋಟೆಗೆ ಬರುವುದಾದರೆ ಮೊದಲು ಬಸ್ಸಿನ ವೇಳಾಪಟ್ಟಿಯನ್ನೂ ಕಬ್ಬಿನ ಹಂಗಾಮಿನ ತಿಂಗಳುಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಹದಿನೆಂಟು ತುಂಬುವವರೆಗಿನ ಎಣಿಕೆಗೆ ಹಣ ತೆಗೆದಿರಿಸಬೇಕು.