ಕತ್ತರಿಗೆ ಸಿಕ್ಕ ಯಕೋಬ

ಬೈಬಲಿನಲ್ಲಿ ಅಂಕೋಲೆಯ ಕಡಲದಂಡೆಯ ಕೇಣಿಯಂಥ ಊರಿಗೆ ಟೀಕೆ-ಟಿಪ್ಪಣಿ ಬೇಡದ ಪುಸ್ತಕವೊಂದಿದ್ದರೆ ಅದು ಯಕೋಬನ ಪತ್ರ. ಐದು ಅಧ್ಯಾಯ, 108 ವಚನ. ಗಟ್ಟಿಯಾಗಿ ಓದಿದರೂ ಅರ್ಧ ಗಂಟೆ ಹಿಡಿಯದು. ಗಾಳಿಗೆ ಸಿಕ್ಕ ದೊಡ್ಡ ಹಡಗನ್ನು ತಿರುಗಿಸುವ ಪುಟ್ಟ ಚುಕ್ಕಾಣಿ, ಸಿಹಿನೀರನ್ನೂ ಉಪ್ಪುನೀರನ್ನೂ ಒಟ್ಟಿಗೆ ಕೊಡಲಾರದ ಒರತೆ, ನಾಳೆ ಇಂಥ ಊರಿಗೆ ಹೋಗಿ ಲಾಭ ಮಾಡುತ್ತೇನೆನ್ನುವ ವ್ಯಾಪಾರಿ: ಬೇಸಗೆ ಬಂದರೆ ಬಾವಿಗೆ ಉಪ್ಪು ನುಗ್ಗೀತೆಂದು ಹೆದರುವ ಅಂಕೋಲೆಯ ದಂಡೆಯವರಿಗೆ ಇದೆಲ್ಲ ದಿನದ ಮಾತು.

ಆದರೆ ಕಥೋಲಿಕ ಚರ್ಚುಗಳ ಭಾನುವಾರದ ಪಾಠಗಳಲ್ಲಿ ಈ ಮೂರೂ ಇಲ್ಲ. ಕಾರವಾರ ಧರ್ಮಪ್ರಾಂತ್ಯವೂ ಪಾಲಿಸುವ ಮೂರು ವರ್ಷದ ಪಾಠಪಟ್ಟಿಯಲ್ಲಿ ಯಕೋಬನಿಗೆ ಸಾಲಾಗಿ ಐದು ಭಾನುವಾರ ಸಿಗುತ್ತವೆ. ಕಳೆದ ಸರದಿ 2024ರ ಸೆಪ್ಟೆಂಬರಿನದು. ಓದುವ ತುಣುಕುಗಳೇನೂ ಸಪ್ಪೆಯಲ್ಲ. ಚಿನ್ನದುಂಗುರದವನಿಗೆ ಆಸನ ಕೊಟ್ಟು ಕೊಳಕು ಬಟ್ಟೆಯವನನ್ನು ನಿಲ್ಲಿಸುವವರ ಮೇಲೆ, ಕೊಯ್ಲಿನ ಆಳುಗಳ ಕೂಲಿ ಹಿಡಿದಿಟ್ಟವರ ಮೇಲೆ ಸಿಟ್ಟು ಉರಿಯುತ್ತದೆ. ಕ್ರಿಯೆಯಿಲ್ಲದ ವಿಶ್ವಾಸ ಸತ್ತದ್ದು ಎಂಬ ಪಟ್ಟು 1522ರಲ್ಲಿ ಮಾರ್ಟಿನ್ ಲೂಥರನಿಗೆ ಹಿಡಿಸದೆ, ಆತ ಇದನ್ನು ಒಣಹುಲ್ಲಿನ ಪತ್ರ ಎಂದುಬಿಟ್ಟಿದ್ದ.

ನನ್ನ ತಕರಾರು ಕತ್ತರಿಯ ಬಗ್ಗೆ. ಐದನೇ ಅಧ್ಯಾಯದಲ್ಲಿ ಕೂಲಿಯ ಕೂಗು ಮುಗಿದ ಬೆನ್ನಿಗೇ, ಮಳೆಗೆ ಕಾಯುವ ರೈತನಂತೆ ತಾಳಿಕೊಳ್ಳಿ ಎಂಬ ಮಾತು ಬರುತ್ತದೆ. ಪಾಠಪಟ್ಟಿ ಕೂಗನ್ನು ಒಂದು ವರ್ಷಕ್ಕೂ ತಾಳ್ಮೆಯನ್ನು ಮತ್ತೊಂದು ವರ್ಷದ ಡಿಸೆಂಬರಿಗೂ ಹಂಚಿದೆ. ಎರಡನ್ನೂ ಕೂಡಿಸಿ ಓದಿದರೆ ತಾಳ್ಮೆಯೆಂದರೆ ನ್ಯಾಯ ಬಂದೇ ಬರುತ್ತದೆಂದು ನಿಂತಿರುವುದು. ಬಿಡಿಯಾಗಿ ಕೇಳಿದರೆ ಬಾಯಿ ಮುಚ್ಚಿಕೊಂಡಿರುವುದು. ವಾಣಿಜ್ಯ ಬಂದರು ಬೇಡವೆಂದು ಕೇಣಿಯ ಮೀನುಗಾರರು ಬೀದಿಗಿಳಿದ 2025ರಲ್ಲಿ, ಭಾನುವಾರದ ಪಟ್ಟಿಯಲ್ಲಿದ್ದದ್ದು ತಾಳ್ಮೆಯ ಯಕೋಬ ಮಾತ್ರ. ಅವರಲ್ಲಿ ಹೆಚ್ಚಿನವರು ಹಿಂದೂಗಳು, ನಿಜ. ಆದರೆ ಸಭೆಯಲ್ಲಿ ಕುರ್ಚಿ ಯಾರಿಗೆ, ನಿಲ್ಲುವವರು ಯಾರು ಎಂಬ ಪತ್ರದ ಪ್ರಶ್ನೆ ಮತ ನೋಡಿ ಕೇಳುವಂಥದಲ್ಲ.

ಪತ್ರದಲ್ಲೂ ಕೊರತೆಯಿದೆ. ಸಿರಿವಂತರೇ ಗೋಳಾಡಿ ಎಂದು ಗದರುವ ಯಕೋಬ, ಬಾಕಿ ಕೂಲಿಯನ್ನು ಆಳು ಪಡೆಯುವುದು ಹೇಗೆಂದು ಹೇಳುವುದಿಲ್ಲ. ದೇವರ ಕಿವಿಗೆ ಬಿದ್ದಿದೆ ಎಂದು ಬಿಟ್ಟುಬಿಡುತ್ತಾನೆ. ಬಾಳಿ ತೋರಿಸಬೇಕೆನ್ನುವ ಓದುಗರಿಗೆ ಅಷ್ಟು ಸಾಲದು. ಕಾರವಾರ, ಅಂಕೋಲೆಗಳ ಬೈಬಲ್ ಅಧ್ಯಯನ ಕೂಟಗಳು ಐದೂ ಅಧ್ಯಾಯಗಳನ್ನು ಒಂದೇ ಸಂಜೆ ಓದಿ ಮುಗಿಸಲಿ. ಮರುವಾರ ವ್ಯಾಖ್ಯಾನ ಬೇಡ. ಚರ್ಚಿನ ಕಸ ಗುಡಿಸುವವರಿಗೆ, ಮನೆಗೆಲಸದವರಿಗೆ ಎಷ್ಟು ಕೊಡುತ್ತೇವೆ, ಯಾವ ತಾರೀಖಿಗೆ ಕೊಡುತ್ತೇವೆ ಎಂಬಲ್ಲಿಂದ ಮಾತು ಶುರುವಾಗಲಿ.